ಜಗಲಿಯ ಕೆಳಗಿನ ಗೂಡು

ತುಮಕೂರಿನ ನಮ್ಮ ಮನೆಯ ಹಿಂದೆ 12 ಅಡಿ ಅಗಲ, 20 ಅಡಿ ಉದ್ದದ ಒಂದು ಹಿತ್ತಲಿದೆ. ಒಂದು ನುಗ್ಗೆಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ಅಪ್ಪ ಹೋದ ಮೇಲೆ ಅವ್ವ ಊರು ಬಿಟ್ಟು ನಮ್ಮ ಜೊತೆ ಬಂದಳು. ಬಂದವಳು ವರ್ಷವಿಡೀ ಟೀವಿಯ ಮುಂದೆ ಕೂತಳು. ಟೀವಿ ನೋಡುತ್ತಿದ್ದಳು ಅಂತ ನನಗೆ ಅನಿಸಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ, "ಹಿತ್ಲು ಸುಮ್ನೆ ಬಿದ್ದೈತಲ್ಲ ಮಗ, ನಾಕು ಕೋಳಿ ಸಾಕಾನ" ಅಂದಳು. ಅವಳು ಏನನ್ನಾದರೂ ಬೇಕು ಅಂತ ಕೇಳಿ ಬಹಳ ದಿನವಾಗಿತ್ತು.

ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ಏನು ಶುರು ಮಾಡಬೇಕಾದರೂ ಮೊದಲು ಪುಸ್ತಕ ತೆಗೆಯುವ ಚಟ. ನಾಲ್ಕು ದಿನ ಓದಿದೆ, ಮೊಬೈಲಿನಲ್ಲಿ ವಿಡಿಯೊ ನೋಡಿದೆ, ಹಾಳೆಯ ಮೇಲೆ ಅಳತೆ ಹಾಕಿ ನಕ್ಷೆ ಬರೆದೆ. ಅವ್ವ ಅದನ್ನು ತಲೆಕೆಳಗು ಮಾಡಿ ನೋಡಿ, "ಕೋಳಿಗೋ, ಬೀಗ್ರಿಗೋ?" ಅಂತ ಕೇಳಿದಳು. ಮರದ ಚೌಕಟ್ಟು, ತಗಡಿನ ಸೂರು, ಸುತ್ತ ಆರು ಮೂಲೆಯ ಕಣ್ಣಿನ ತಂತಿ ಜಾಲರಿ. ಅಂಗಡಿಯವನು "ಇದೇ ಸಾರ್ ಕೋಳಿ ಮೆಶ್ಶು" ಎಂದು ಅಳೆದು ಕೊಟ್ಟಿದ್ದ. ಗುಬ್ಬಿ ಸಂತೆಯಿಂದ ಆರು ನಾಟಿ ಹ್ಯಾಟೆ ತಂದು ಬಿಟ್ಟೆವು.

ಹತ್ತೊಂಬತ್ತನೆಯ ರಾತ್ರಿ ಹಿತ್ತಲಲ್ಲಿ ಪಟಪಟ ಸದ್ದಾಯಿತು. ಪಕ್ಕದ ಮನೆಯವರ ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಬಡಿಯುತ್ತಿದೆ ಅಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಜಾಲರಿಯ ಒಂದು ಮೂಲೆ ಪಂಚೆಯ ಅಂಚಿನ ಹಾಗೆ ಮಡಚಿಕೊಂಡಿತ್ತು. ನಾಲ್ಕು ಕೋಳಿ ಕತ್ತು ಕಚ್ಚಿಸಿಕೊಂಡು ಬಿದ್ದಿದ್ದವು, ತಿಂದಿರಲಿಲ್ಲ. ಒಂದು ಕಾಣೆ. ಒಂದು ಒಗೆಯುವ ಕಲ್ಲಿನ ಸಂದಿಯಲ್ಲಿ ಬದುಕಿ ಕೂತಿತ್ತು. ಕಾಡುಬೆಕ್ಕೋ ಪುನುಗುಬೆಕ್ಕೋ ಗೊತ್ತಾಗಲಿಲ್ಲ. ಅವ್ವ ಒಂದು ಮಾತೂ ಆಡದೆ ನಾಲ್ಕನ್ನೂ ನುಗ್ಗೆಮರದ ಬುಡದಲ್ಲಿ ಹೂತಳು. ಕೈ ತೊಳೆಯುತ್ತಾ, "ನಿಮ್ಮಜ್ಜಿ ಗೂಡಿಗೆ ಒಂದ್ಸಲಾನೂ ಬೆಕ್ಕು ನುಗ್ಗಿರ್ಲಿಲ್ಲ ಕಣೋ" ಅಂದಳು.

ಆ ಜಾಲರಿಯ ಚರಿತ್ರೆಯನ್ನು ನಾನು ನೋಡಿದ್ದು ಆಮೇಲೆ. ಮೊದಲೇ ನೋಡಿದ್ದರೆ ಕೋಳಿಗಳು ಉಳಿಯುತ್ತಿದ್ದವೇನೋ. ಅದನ್ನು 1844ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಕಬ್ಬಿಣದ ವ್ಯಾಪಾರಿ ಚಾರ್ಲ್ಸ್ ಬರ್ನಾರ್ಡ್ ಕಂಡುಹಿಡಿದ. ನಾರ್ವಿಚ್ ನೇಕಾರರ ಊರು. ಬಟ್ಟೆ ನೇಯುವ ಯಂತ್ರದ ಉಪಾಯವನ್ನೇ ಅವನು ತಂತಿಗೆ ಹೊಂದಿಸಿದ. ಅಂದರೆ ಅದು ಹುಟ್ಟಿನಿಂದಲೇ ಬಟ್ಟೆ, ಬಟ್ಟೆಯಂತೆಯೇ ಮಡಚಿಕೊಂಡಿತು. ಒಳಗಿನ ಕೋಳಿ ಹೊರಗೆ ಹೋಗದಂತೆ ಅದು ತಡೆಯುತ್ತದೆ, ಹೊರಗಿನ ಹಲ್ಲು ಒಳಗೆ ಬಾರದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಕೋಳಿಯ ಹುಚ್ಚು ಹಿಡಿಯುತ್ತಿತ್ತು. ಚೀನಾದಿಂದ ದೊಡ್ಡ ಮೈಯ ಕೋಳಿಗಳು ಬಂದು, ವಿಕ್ಟೋರಿಯಾ ರಾಣಿ ವಿಂಡ್ಸರಿನಲ್ಲಿ ಅವಕ್ಕೊಂದು ಮನೆಯನ್ನೇ ಕಟ್ಟಿಸಿದಳು. ಚೀನಾದಿಂದ ಬಂದ ಆ ತಳಿಗೆ ವಿಯೆಟ್ನಾಮಿನ ಕೊಚ್ಚಿನ್-ಚೀನಾದ ಹೆಸರು ಅಂಟಿಕೊಂಡು ಇವತ್ತಿಗೂ 'ಕೊಚ್ಚಿನ್' ಎಂದೇ ಕರೆಯುತ್ತಾರೆ. ಸಾಮ್ರಾಜ್ಯದವರಿಗೆ ಪೂರ್ವದ ಊರುಗಳೆಲ್ಲ ಒಂದೇ ಓಣಿಯಲ್ಲಿದ್ದಂತೆ ಕಾಣುತ್ತಿದ್ದವು ಅಂತ ತೋರುತ್ತದೆ.

ಅಜ್ಜಿಯ ಗೂಡಿಗೆ ಜಾಲರಿ ಇರಲಿಲ್ಲ. ಅವಳ ಊರು ಗುಬ್ಬಿ ತಾಲ್ಲೂಕಿನಲ್ಲಿ, ಸಿ.ಎಸ್. ಪುರದಿಂದ ಒಳಕ್ಕೆ, ಕುಣಿಗಲ್ ಕಡೆಯ ಅಂಚಿಗೆ. ಮನೆಯ ಮುಂದಿನ ಜಗಲಿಯ ಹೊಟ್ಟೆಯೊಳಗೇ ಗೂಡು. ಮೂರು ಕಡೆ ಕಲ್ಲು, ತಲೆಯ ಮೇಲೆ ಚಪ್ಪಡಿ, ಆ ಚಪ್ಪಡಿಯ ಮೇಲೆ ತಾತ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಬಾಯಿ ಒಂದೂವರೆ ಗೇಣು. ಅದಕ್ಕೆ ಬಾಗಿಲೆಂದರೆ ಒಂದು ಸಣ್ಣ ಚಪ್ಪಡಿ, ಅದು ಸರಿಯದಂತೆ ಅಡ್ಡ ಒಂದು ಒನಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೋಳಿಗಳು ತಾವಾಗಿ ಬರುತ್ತಿದ್ದವು. ಅಜ್ಜಿ ಬಾಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಳಹೋಗುವ ಒಂದೊಂದರ ಬೆನ್ನನ್ನೂ ಬೆರಳಲ್ಲಿ ಮುಟ್ಟಿ ಎಣಿಸುತ್ತಿದ್ದಳು. ಎಣಿಕೆ ತಪ್ಪಿದರೆ ಬೇಲಿ ಸಾಲಿನಲ್ಲಿ ಕೂಗು. ವಾರಕ್ಕೊಮ್ಮೆ ಬಾಚಿ ಒಲೆಯ ಬೂದಿ ಚೆಲ್ಲುವುದು, ಹೇನು ಬಿದ್ದರೆ ಬೇವಿನ ಸೊಪ್ಪು ಹರಡುವುದು. ಗಾಳಿಯಾಡದ, ಬೆಳಕಿಲ್ಲದ ಆ ಗೂಡನ್ನು ಇವತ್ತಿನ ಯಾವ ಪಶುವೈದ್ಯರೂ ಒಪ್ಪುವುದಿಲ್ಲ. ಆದರೆ ಬೆಕ್ಕಿನ ವಿಷಯಕ್ಕೆ ಅದು ಕೋಟೆ.

ಕೋಳಿಯ ಚರಿತ್ರೆಯಲ್ಲಿ ನಮ್ಮ ಪಾಲು ಸಣ್ಣದಲ್ಲ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಖಚಿತವಾಗಿ ಸಾಕುಕೋಳಿಯದೆಂದು ಹೇಳಬಹುದಾದ ಅತ್ಯಂತ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿನವು, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಭತ್ತ, ಕಿರುಧಾನ್ಯ ಬೆಳೆದ ಮನುಷ್ಯನ ಕಣಕ್ಕೆ ಕಾಡಿನ ಹಕ್ಕಿ ಕಾಳು ಹುಡುಕಿಕೊಂಡು ಬಂತು ಎನ್ನುವುದು ಅವರ ವಾದ. ಆದರೆ ಕೋಳಿಯ ಕಾಲು ಹಳದಿಯಾಗಿರುತ್ತದಲ್ಲ, ಆ ಹಳದಿ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ. ದಕ್ಷಿಣ ಭಾರತದ ಬೂದು ಕಾಡುಕೋಳಿಯ ಜೊತೆ ಎಲ್ಲೋ ಒಮ್ಮೆ ಬೆರಕೆಯಾಗಿ ಬಂದದ್ದು ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ಜಗತ್ತಿನ ಫಾರಂಗಳಲ್ಲಿ ಹಳದಿ ಕಾಲಿನ ಮೇಲೆ ನಿಂತ ಕೋಳಿಗಳಲ್ಲೆಲ್ಲ ನಮ್ಮ ಕಡೆಯ ಕಾಡಿನ ಒಂದು ಚೂರಿದೆ.

ಸಾಹಿತ್ಯಕ್ಕೆ ಬಂದರೆ, ಕನ್ನಡದಲ್ಲಿ ಕೋಳಿಯನ್ನು ಜನ್ನನಷ್ಟು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. 1209ರ 'ಯಶೋಧರ ಚರಿತೆ'ಯ ಇಡೀ ಕಥೆ ನಿಂತಿರುವುದೇ ಒಂದು ಹಿಟ್ಟಿನ ಹುಂಜದ ಮೇಲೆ. ಜೀವದ ಕೋಳಿಯನ್ನು ಕೊಲ್ಲಲಾರೆ ಎಂದ ಯಶೋಧರ, ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿ ಬಿದ್ದಾಗ ಅದು ಕೂಗಿಬಿಡುತ್ತದೆ. ಆ ಸಂಕಲ್ಪದ ಹಿಂಸೆಗೆ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕೊನೆಯ ಪ್ರಾಣಿಜನ್ಮ ಕೋಳಿಯದೇ. ಮುನಿಯ ಧರ್ಮಬೋಧೆ ಕಿವಿಗೆ ಬಿದ್ದು ಹಿಂದಿನ ಜನ್ಮಗಳ ನೆನಪಾಗಿ ಆ ಕೋಳಿಗಳು ಸಂತೋಷದಿಂದ ಕೂಗುತ್ತವೆ. ಆ ಕೂಗಿಗೇ ಗುರಿಯಿಟ್ಟು ರಾಜ ಬಾಣ ಬಿಡುತ್ತಾನೆ. ಬಿಟ್ಟವನು ಯಶೋಧರನ ಸ್ವಂತ ಮಗ.

ಇದನ್ನು ಪಾಠ ಮಾಡುವ ಗೆಳೆಯರೊಬ್ಬರ ಜೊತೆ ಮಾತಾಡುವಾಗ ನಮ್ಮ ಗುಬ್ಬಿ ನೆನಪಾಯಿತು. ಅಮರಗೊಂಡ ಕ್ಷೇತ್ರವೆಂದು ಹೆಸರಿದ್ದ ಊರು ಗುಬ್ಬಿಯಾದದ್ದಕ್ಕೆ ಒಂದು ಐತಿಹ್ಯವಿದೆ. ಗೋಸಲ ಚನ್ನಬಸವೇಶ್ವರರ ಪುರಾಣ ಪ್ರವಚನವನ್ನು ಕೇಳಲು ಎರಡು ಗುಬ್ಬಿಗಳು ದಿನವೂ ಬರುತ್ತಿದ್ದವಂತೆ, ಪುರಾಣ ಮುಗಿದ ದಿನ ಅವು ಅಲ್ಲೇ ಪ್ರಾಣ ಬಿಟ್ಟವಂತೆ. ಜೈನರ ಕಾವ್ಯದಲ್ಲಿ ಎರಡು ಕೋಳಿ, ವೀರಶೈವರ ಐತಿಹ್ಯದಲ್ಲಿ ಎರಡು ಗುಬ್ಬಿ. ಒಂದು ಇನ್ನೊಂದಕ್ಕೆ ಮೂಲವೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಧಾರವಿಲ್ಲ. ಗುರುವಿನ ಮಾತಿಗೆ ಕಿವಿಗೊಡುವವರ ಸಾಲಿನ ಕಟ್ಟಕಡೆಯಲ್ಲಿ ಹಕ್ಕಿಗಳನ್ನು ಕೂರಿಸಿದ ನಾಡು ಇದು ಅನ್ನುವುದಷ್ಟೇ ನನಗೆ ಹಿಡಿಸಿದ್ದು. ಒಂದು ತುತ್ತು ಕಂಡರೆ ತನ್ನ ಬಳಗವನ್ನೆಲ್ಲ ಕೂಗಿ ಕರೆಯುವ ಕೋಳಿಯನ್ನು ಬಸವಣ್ಣ ಮನುಷ್ಯನಿಗೆ ಎದುರಿಟ್ಟು ತೋರಿಸಿದ್ದೂ ನಿಮಗೆ ಗೊತ್ತಿರುವುದೇ.

ಆದರೆ ಈ ಕೋಳಿಗಳೆಲ್ಲ ದೃಷ್ಟಾಂತದ ಕೋಳಿಗಳು. ಅವನ್ನು ಸಾಕಿದವಳು ಕಾಣಬೇಕಾದರೆ ದೇವನೂರ ಮಹಾದೇವ ಅವರ 'ಒಡಲಾಳ'ಕ್ಕೆ ಬರಬೇಕು. ಅಲ್ಲಿ ಸಾಕವ್ವ ಕಾಣೆಯಾದ ತನ್ನ ಹುಂಜವನ್ನು ಹುಡುಕುತ್ತಾಳೆ. ಮೊದಲ ಸಲ ಓದಿದಾಗ, ಒಂದು ಹುಂಜಕ್ಕೆ ಇಷ್ಟು ಗೋಳೇ ಅನಿಸಿತ್ತು. ಆಗ ನನಗೆ ಇಪ್ಪತ್ತು ವಯಸ್ಸು, ಅವ್ವ ತನ್ನ ಕಥೆಯನ್ನು ಇನ್ನೂ ಹೇಳಿರಲಿಲ್ಲ.

ನಮ್ಮ ಮನೆಗಳಲ್ಲಿ ಎರಡು ಖಜಾನೆ ಇರುತ್ತಿತ್ತು. ರಾಗಿ, ತೆಂಗು, ದನ, ಇವು ಗಂಡಸರ ಖಜಾನೆ. ಕೋಳಿ, ಮೊಟ್ಟೆ, ಹಿತ್ತಲ ಅವರೆ, ಇವು ಹೆಂಗಸರವು. ಕೋಳಿ ಮಾರಿದ ದುಡ್ಡನ್ನು ತಾತ ಕೇಳುತ್ತಿರಲಿಲ್ಲ, ಕೇಳುವುದು ಮರ್ಯಾದೆಗೆ ಕಡಿಮೆ. ಇಲ್ಲದವರ ಮನೆಗೆ ಅಜ್ಜಿ ಒಂದು ಹ್ಯಾಟೆಯನ್ನು ಪಾಲಿಗೆ ಕೊಡುತ್ತಿದ್ದಳು. ಅದು ಕಾವು ಕೂತು ಮರಿ ಮಾಡಿದರೆ ಅರ್ಧ ಮರಿ ಸಾಕಿದವಳಿಗೆ, ಅರ್ಧ ಇವಳಿಗೆ. ಪತ್ರವಿಲ್ಲ, ಸಾಕ್ಷಿಯಿಲ್ಲ. ಈ ಖಜಾನೆಗೆ ಕೈ ಹಾಕುತ್ತಿದ್ದವರು ಇಬ್ಬರೇ. ಒಂದು ಗ್ರಾಮದೇವತೆ. ಪ್ರಾಣಿಬಲಿ ತಡೆಯುವ ಕಾನೂನು ಬಂದದ್ದು 1959ರಲ್ಲಿ, ನಮ್ಮೂರ ಮಾರಮ್ಮನಿಗೆ ಅದು ತಿಳಿಯಲು ಇನ್ನೂ ಬಹಳ ವರ್ಷ ಬೇಕಾಯಿತು. ಇನ್ನೊಂದು ಸರ್ಕಾರ. "ಅಮಲ್ದಾರ್ರು ಕ್ಯಾಂಪು ಬತ್ತಾರೆ ಅಂದ್ರೆ ಊರಲ್ಲಿ ಮೊದ್ಲು ಅಡಗ್ತಿದ್ದದ್ದು ಹುಂಜ" ಅಂತ ಅಜ್ಜಿ ಹೇಳುತ್ತಿದ್ದಳು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ತುಮಕೂರು, ಗುಬ್ಬಿ ಸೀಮೆಯಲ್ಲಿ ಓಡಾಡಿ ಬೆಳೆ, ದನ, ಸಂತೆಗಳ ಮೇಲೆ ಪುಟಗಟ್ಟಲೆ ಬರೆದ. ನಾನು ಅವನನ್ನು ತರಗತಿಯಲ್ಲಿ ಎಷ್ಟೋ ಸಲ ಉದ್ಧರಿಸಿದ್ದೇನೆ. ಊರೂರಿನ ಗಂಡಸರನ್ನು ಕೂರಿಸಿಕೊಂಡು ಅವರ ಖಜಾನೆಯ ಲೆಕ್ಕ ಕೇಳಿದವನು ಅವನು. ಜಗಲಿಯ ಮೇಲೆ ಕೂತವರು ಜಗಲಿಯ ಕೆಳಗಿನದನ್ನು ಎಷ್ಟು ಹೇಳಿಯಾರು?

ಎರಡನೆಯ ಗೂಡಿಗೆ ಕಂಬ ನೆಡಲು ಗುಂಡಿ ತೋಡುತ್ತಿದ್ದಾಗ ಅವ್ವ ಈ ಕಥೆ ಹೇಳಿದಳು. 1968ರ ಬೇಸಿಗೆ. ಅವಳು ಊರಿನ ಶಾಲೆಯಲ್ಲಿ ಏಳನೆಯ ತರಗತಿ ಪಾಸಾಗಿದ್ದಳು. ಹೈಸ್ಕೂಲಿಗೆ ಗುಬ್ಬಿಗೆ ಹೋಗಬೇಕು. ಹೆಣ್ಣುಮಗುವಿನ ಓದಿಗೆ ರಾಗಿ ದುಡ್ಡು ಬಿಚ್ಚುವುದಿಲ್ಲ ಅಂತ ತಾತ ಹೇಳಿಯಾಗಿತ್ತು. ಅಜ್ಜಿ ವಾದಿಸಲಿಲ್ಲ, ಗೂಡು ತೋರಿಸಿದಳು. ಹದಿನೇಳು ಕೋಳಿ ಇದ್ದವು. ಫೀಸು, ಎರಡು ಲಂಗ, ಪುಸ್ತಕ, ನೆಂಟರ ಮನೆಯಲ್ಲಿ ಉಳಿಯಲು ಕೊಡಬೇಕಾದ ಕಾಳು, ಎಲ್ಲದಕ್ಕೂ ಯಾವ ಕೋಳಿ ಅಂತ ಲೆಕ್ಕವಾಗಿತ್ತು. ಮೇ ತಿಂಗಳ ಕೊನೆಯ ಸಂತೆಗೆ ಒಯ್ಯುವುದು ಅಂತ ಮಾತು.

ಅದಕ್ಕೆ ಒಂದು ವಾರ ಮುಂಚೆ ಒಂದು ಹುಂಜ ಮೇವು ಬಿಟ್ಟು ಮೂಲೆ ಸೇರಿತು. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರು, ಮಾರನೆಯ ದಿನ ಕತ್ತು ತಿರುಚಿಕೊಂಡು ಸುತ್ತತೊಡಗಿತು. ಕೊಕ್ಕರೆ ರೋಗ. ಅಜ್ಜಿ ಬೆಳ್ಳುಳ್ಳಿ ಅರೆದು ಹಾಕಿದಳು, ಅರಿಸಿನ ಹಾಕಿದಳು, ಹರಕೆ ಹೊತ್ತಳು. ಐದು ದಿನದಲ್ಲಿ ಹದಿನೇಳೂ ಹೋದವು. ಆ ಸಂಜೆ ಅಜ್ಜಿ ಅಭ್ಯಾಸದಂತೆ ಬಂದು ಗೂಡಿನ ಬಾಯಿಯ ಹತ್ತಿರ ಕೂತಳಂತೆ, ಸ್ವಲ್ಪ ಹೊತ್ತು ಕೂತು, ಚಪ್ಪಡಿ ಮುಚ್ಚಿ ಒನಕೆ ಅಡ್ಡ ಇಟ್ಟು ಒಳಗೆ ಹೋದಳಂತೆ. ಅವ್ವ ಹೈಸ್ಕೂಲಿಗೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಮಾವ ಹೋದರು. ಅವರಿಗೆ ರಾಗಿ ದುಡ್ಡು ಇತ್ತು.

ಆ ರಾತ್ರಿ ನಾನು ಆ ರೋಗದ ಚರಿತ್ರೆ ಓದಿದೆ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲೂ ಗುರುತಿಸಿದ ರೋಗ, ಮರುವರ್ಷ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಂಡದ್ದರಿಂದ ನಮ್ಮ ದೇಶದಲ್ಲಿ ಅದರ ಹೆಸರು ರಾಣಿಖೇತ್. ಅದಕ್ಕೆ ಲಸಿಕೆ ತಯಾರಾದದ್ದು ಅಲ್ಲಿಗೆ ದೂರವಲ್ಲದ ಮುಕ್ತೇಶ್ವರದ ಸಂಶೋಧನಾಲಯದಲ್ಲಿ, 1940ರ ದಶಕದಲ್ಲಿ. ಅಂದರೆ ಅಜ್ಜಿಯ ಗೂಡು ಖಾಲಿಯಾಗುವ ಹೊತ್ತಿಗೆ ಲಸಿಕೆಗೆ ಇಪ್ಪತ್ತು ವರ್ಷ ದಾಟಿತ್ತು. ಮೈಸೂರು ಸರ್ಕಾರ ದನಗಳ ದೊಡ್ಡರೋಗದ ವಿರುದ್ಧ 1925ರಲ್ಲೇ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಕಟ್ಟಿತ್ತು. ದನಕ್ಕೆ ಸೂಜಿ ಹಾಕುವವರು ನಮ್ಮೂರಿಗೆ ಬರುತ್ತಿದ್ದರು ಅಂತ ಅವ್ವನಿಗೂ ನೆನಪಿದೆ. ಕೋಳಿಗೆ ಯಾರೂ ಬರಲಿಲ್ಲ. ಅದಕ್ಕೊಂದು ಕಾರಣ ಸೀಸೆಯಲ್ಲೇ ಇದೆ. ಈ ಲಸಿಕೆಯನ್ನು ತಣ್ಣಗೆ ಇಡಬೇಕು, ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಸೀಸೆಯೊಂದರಲ್ಲಿ 100 ಕೋಳಿಗಾಗುವಷ್ಟು ಇರುತ್ತದೆ. ಸಾವಿರ ಕೋಳಿಯವನಿಗೆ ಅದು ಸಲೀಸು, ಹದಿನೇಳು ಕೋಳಿಯವಳಿಗೆ ಅಲ್ಲ.

ಸಾವಿರ ಕೋಳಿಯವರ ಕಥೆ ಶುರುವಾದದ್ದೂ ಒಬ್ಬ ಹೆಂಗಸಿನ ಹಿತ್ತಲಿನಿಂದಲೇ. 1923ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಸಿಸೀಲ್ ಸ್ಟೀಲ್ ಎಂಬಾಕೆ ಮೊಟ್ಟೆಗೆಂದು 50 ಮರಿ ತರಿಸಿದಳು, ತಪ್ಪಾಗಿ 500 ಬಂದವು. ಹಿಂದಿರುಗಿಸದೆ ಸಾಕಿ ಮಾಂಸಕ್ಕೆ ಮಾರಿದಳು. ಮೂರು ವರ್ಷದಲ್ಲಿ ಅವಳ ಬಳಿ 10,000 ಕೋಳಿಗೆ ಜಾಗವಿತ್ತು. ಬ್ರಾಯ್ಲರ್ ಉದ್ಯಮ ಆಕೆಯನ್ನೇ ತನ್ನ ತಾಯಿ ಎನ್ನುತ್ತದೆ, ಆಕೆಯ ಮೊದಲ ಮರದ ಗೂಡನ್ನು ಅಲ್ಲಿ ಐತಿಹಾಸಿಕ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಇಲ್ಲಿ ಆ ದಾರಿ 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಆರಂಭವಾದ ಮೇಲೆ ಅಗಲವಾಯಿತು. ಕೋಳಿ ಹಿತ್ತಲಿಂದ ಶೆಡ್ಡಿಗೆ ಹೋಯಿತು, ಖಜಾನೆಯ ಬೀಗದ ಕೈಯೂ ಹೋಯಿತು.

ಹಿತ್ತಲಿಗೇ ಒಂದು ಕೋಳಿ ಮಾಡೋಣ ಅಂತ ಯೋಚಿಸಿದವರೂ ನಮ್ಮವರೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಅಂಥದ್ದು. ಬಣ್ಣ ಬಣ್ಣದ ಪುಕ್ಕ, ಮನೆಯ ಮುಸುರೆ ತಿಂದು ಬೆಳೆಯುವ ಗುಣ, ವರ್ಷಕ್ಕೆ 130ರಿಂದ 150 ಮೊಟ್ಟೆ. ನಾಟಿ ಹ್ಯಾಟೆ ಇಡುವುದರ ಎರಡರಷ್ಟಕ್ಕಿಂತ ಹೆಚ್ಚು. 2005ರಲ್ಲಿ ಸ್ವರ್ಣಧಾರಾ ಬಂತು. ಅಜ್ಜಿ ತನ್ನ ಕೊನೆಗಾಲದಲ್ಲಿ ಗಿರಿರಾಜ ಸಾಕಿದ್ದಳು. ಅವಳಿಗೆ ಅದರ ಮೇಲೆ ಒಂದೇ ದೂರು: "ಮೊಟ್ಟೆ ಇಕ್ತದೆ, ಕಾವು ಕೂರಕ್ಕಿಲ್ಲ." ನಿಜ, ಹೆಚ್ಚು ಮೊಟ್ಟೆಗೆಂದು ಆಯ್ದ ತಳಿಗಳಲ್ಲಿ ಕಾವು ಕೂರುವ ಗುಣ ಅಳಿಯುತ್ತದೆ, ಕೂತ ಹ್ಯಾಟೆ ಮೊಟ್ಟೆ ನಿಲ್ಲಿಸುತ್ತದಲ್ಲ. ಅವಳು ಗಿರಿರಾಜದ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗಿಟ್ಟು 21 ದಿನ ಕಾಯುತ್ತಿದ್ದಳು. ವಿಶ್ವವಿದ್ಯಾಲಯದವರಿಗೆ ಇದು ಸರಿಕಾಣದೆ ಇರಬಹುದು, ಮುಂದಿನ ಪೀಳಿಗೆಯಲ್ಲಿ ತಳಿಯ ಗುಣ ಚದುರಿಹೋಗುತ್ತದೆ. ಅವಳಿಗೆ ಬೇಕಾಗಿದ್ದದ್ದು ಪ್ರತಿ ಸಲ ಮರಿಗಾಗಿ ಊರಾಚೆ ಕೈಯೊಡ್ಡದೆ ಇರುವುದು. ಇಷ್ಟೆಲ್ಲದರ ನಡುವೆಯೂ ಹಿತ್ತಲು ಸತ್ತಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು, ಹಿಂದಿನ ಗಣತಿಗಿಂತ ಶೇಕಡಾ 45ಕ್ಕೂ ಹೆಚ್ಚು.

ನಮ್ಮ ಎರಡನೆಯ ಗೂಡು 4 ಅಡಿಗೆ 6 ಅಡಿ, ನೆಲದಿಂದ ಎರಡೂವರೆ ಅಡಿ ಮೇಲೆ, ಕಬ್ಬಿಣದ ಕಾಲಿನ ಮೇಲೆ. ಉದ್ದ ಪೂರ್ವ ಪಶ್ಚಿಮ, ಮಧ್ಯಾಹ್ನದ ಬಿಸಿಲು ಒಳನುಗ್ಗದಂತೆ. ಸುತ್ತ ಬೆಸುಗೆ ಹಾಕಿದ ಅರ್ಧ ಅಂಗುಲದ ದಪ್ಪ ಜಾಲರಿ. ಮೇಲೆ ಹಳೇ ಮಂಗಳೂರು ಹೆಂಚು, ತಗಡಿನ ಹಾಗೆ ಕಾಯುವುದಿಲ್ಲ. ಒಳಗೆ ನೀಲಗಿರಿ ಗಳ ಒಂದು, ಕೋಳಿಗೆ ಎಂಟು ಅಂಗುಲದಂತೆ ಎಂಟು ಕೋಳಿ ಸಾಲಾಗಿ ಕೂತರೂ ಜಾಗ ಮಿಗುತ್ತದೆ. ಮೊಟ್ಟೆಗೆ ಒಂದಡಿ ಚೌಕದ ಎರಡು ಪೆಟ್ಟಿಗೆ, ಕತ್ತಲಿರುವ ಮೂಲೆಯಲ್ಲಿ. ನೆಲಕ್ಕೆ ಮೂರಂಗುಲ ಭತ್ತದ ಹೊಟ್ಟು, ಕುಣಿಗಲ್ಲಿನ ಮಿಲ್ಲಿಂದ ತಂದದ್ದು. ವಾರಕ್ಕೊಮ್ಮೆ ಸುಣ್ಣ ಚೆಲ್ಲಿ ಕೆದಕಿದರೆ ವಾಸನೆಯಿಲ್ಲ. ಮುಂದೆ ಓಡಾಡಲು 6 ಅಡಿಗೆ 12 ಅಡಿ ಅಂಗಳ, ಅದಕ್ಕೂ ಅದೇ ಜಾಲರಿ, ಒಂದಡಿ ನೆಲದೊಳಗೆ ಹೂತು ಹೊರಕ್ಕೆ ಮಡಚಿದ್ದು. ಹೆಗ್ಗಣ ಎಷ್ಟು ತೋಡಿದರೂ ತಂತಿ ಸಿಗುತ್ತದೆ. ವೆಲ್ಡಿಂಗ್ ಅಂಗಡಿಯ ಹುಡುಗ ಬಿಲ್ಲು ಕೊಟ್ಟಾಗ, ಈ ದುಡ್ಡಿಗೆ ಎಷ್ಟು ವರ್ಷದ ಮೊಟ್ಟೆ ಬರುತ್ತಿತ್ತು ಅಂತ ನನ್ನ ಹೆಂಡತಿ ಲೆಕ್ಕ ಹಾಕಿದಳು. ಆ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ.

ಬಾಗಿಲ ಮುಂದಿನ ಮೆಟ್ಟಿಲಿಗೆ ಅವ್ವ ಒಂದು ಕಲ್ಲು ಬೇಕೆಂದಳು. ಊರಲ್ಲಿ ಮಾವ ಹಳೇ ಮನೆ ಕೆಡವಿ ಹೊಸದು ಕಟ್ಟಲು ಹೊರಟಿದ್ದರು. ಅವ್ವ ಆಸ್ತಿಯಲ್ಲಿ ಪಾಲು ಕೇಳಿದವಳಲ್ಲ. ಫೋನು ಮಾಡಿ, "ತಮ್ಮಾ, ಜಗ್ಲಿ ಕೀಳ್ಸಿದ್ರೆ ಗೂಡಿನ ಬಾಯಿ ಚಪ್ಪಡಿ ನಂಗಿರ್ಲಿ" ಅಂದಳು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ನೀನೇ ಬಂದು ತಗಂಡೋಗಕ್ಕ" ಅಂದರು.

ಹೊಸ ಮರಿಗಳಿಗೆ ಮೂರು ತಿಂಗಳಾಗಿತ್ತು, ಹಳೆಯದೊಂದೂ ಸೇರಿ ಎಂಟು. ಎರಡನೆಯ ಲಸಿಕೆ ಆಗಬೇಕಿತ್ತು. ಪಶು ಆಸ್ಪತ್ರೆಯಲ್ಲಿ ಸೀಸೆ ಕೈಗೆ ಕೊಟ್ಟು, "ನೂರಕ್ಕಾಗುತ್ತೆ, ನಿಮ್ಮದೆಷ್ಟು?" ಅಂದರು. ಎಂಟು ಅಂದೆ. ಅವರು ನಕ್ಕರು. ಮನೆಗೆ ಬಂದು ಹೇಳಿದಾಗ ಅವ್ವ ನಗಲಿಲ್ಲ. "ಬಾಕಿ ತೊಂಬತ್ತೆರಡು?" ಅಂತ ಕೇಳಿದಳು.

ಮಾರನೆಯ ಮಧ್ಯಾಹ್ನ ನಮ್ಮ ಕಾರಿನ ಡಿಕ್ಕಿಯಲ್ಲಿ ಎಂಟು ಕೋಳಿ ಎರಡು ಮಂಕರಿಯೊಳಗೆ, ಸೀಸೆ ಮಂಜುಗಡ್ಡೆ ತುಂಬಿದ ಫ್ಲಾಸ್ಕಿನೊಳಗೆ, ಅವ್ವ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ. ಮಾವ ಊರಲ್ಲಿ ಮೊದಲೇ ಹೇಳಿಸಿದ್ದರು. ಕೋಳಿಗಳು ಗೂಡು ಸೇರುವ ಹೊತ್ತು ಕಾದು ಸಂಜೆ ಆರಕ್ಕೆ ಊರಿನ ಪಶುಸಖಿ ಸೀಸೆ ಬೆರೆಸಿದಳು. ಹೆಂಗಸರು ಮಂಕರಿ, ಚೀಲ, ಸೆರಗಿನಲ್ಲಿ ಕೋಳಿ ಹಿಡಿದು ಕೆಡವದೆ ಉಳಿದಿದ್ದ ಜಗಲಿಯ ಮುಂದೆ ಸಾಲು ನಿಂತರು. ಅವ್ವ ಒಂದೊಂದನ್ನೇ ತೆಗೆದುಕೊಂಡು ರೆಕ್ಕೆ ಎತ್ತಿ ಹಿಡಿಯುವುದು, ಆ ಹುಡುಗಿ ರೆಕ್ಕೆಯ ಬುಡದಲ್ಲಿ ಚುಚ್ಚುವುದು. ಮಾವ ಜಗಲಿಯ ಮೇಲೆ ಕೂತು ನೋಟ್ ಬುಕ್ಕಿನಲ್ಲಿ ಹೆಸರು, ಲೆಕ್ಕ ಬರೆದರು. ಏಳೂವರೆಗೆ ಮುಗಿಯಿತು.

"ತೊಂಬತ್ತೈದು" ಅಂದರು ಮಾವ.

"ತೊಂಬತ್ತಾರು" ಅಂದಳು ಅವ್ವ. "ಕೊನೆ ಮನೆ ಪುಳ್ಳೆ ಬಿಟ್ಟಿದ್ದೀಯ, ಬರ್ಕೊ."

ಮಾವ ಬರೆದುಕೊಂಡರು.